ಕಾರಖಾನೆಗಳೂ ಊರಿನ ಅನ್ನವೂ

ಮಂಗಳೂರಿನ ಹಿರಿಯ ಕಾರಖಾನೆಗಳಲ್ಲಿ ಊರವರಿಗೆ ಕೆಲಸ ಸಿಗುವುದಿಲ್ಲವೆಂಬ ದೂರು ನಿನ್ನೆ ಮೊನ್ನೆಯದಲ್ಲ. ನೇಮಕಾತಿಯ ಜಾಹೀರಾತು ಪ್ರಕಟವಾದೊಡನೆ ಸಭೆಗಳು ಸೇರುತ್ತವೆ, ಮನವಿಗಳು ಸಲ್ಲುತ್ತವೆ, ಅಧಿಕಾರಿಗಳು ಪರಿಶೀಲಿಸುವೆವೆಂದು ಭರವಸೆಯೀಯುತ್ತಾರೆ. ಆ ಬಳಿಕ ಮುಂದಿನ ಜಾಹೀರಾತಿನ ವರೆಗೆ ಎಲ್ಲವೂ ಶಾಂತ. 2021ರಲ್ಲಿ ಕುತ್ತೆತ್ತೂರಿನ ತೈಲ ಶುದ್ಧೀಕರಣಾಗಾರದ ನೇಮಕಾತಿಯ ವೇಳೆ ಇದೇ ಕೂಗೆದ್ದಿತ್ತು. 2024ರ ಜುಲಾಯಿಯಲ್ಲಿ ರಾಜ್ಯದ ಸಚಿವ ಸಂಪುಟವು ಉದ್ಯಮಗಳ ಆಡಳಿತ ವರ್ಗದ ಹುದ್ದೆಗಳಲ್ಲಿ ನೂರಕ್ಕೆ 50ನ್ನೂ ಉಳಿದ ಹುದ್ದೆಗಳಲ್ಲಿ ನೂರಕ್ಕೆ 70ನ್ನೂ ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಒಪ್ಪಿಗೆಯಿತ್ತು, ಉದ್ಯಮಿಗಳ ಪ್ರತಿಭಟನೆ ಕಿವಿಗೆ ಬಿದ್ದೊಡನೆ ಕೆಲವೇ ದಿನಗಳೊಳಗೆ ಅದನ್ನು ತಡೆಹಿಡಿದುದು ವಾಚಕರಿಗೆ ವಿದಿತವೇ ಇದೆ. ಇಷ್ಟೆಲ್ಲ ಗದ್ದಲದ ನಡುವೆ ಮೂಲ ಪ್ರಶ್ನೆಯೊಂದನ್ನು ಯಾರೂ ಕೇಳಿದಂತೆ ತೋರುವುದಿಲ್ಲ. ಕಾರಖಾನೆಯೊಂದು ಊರಿಗೆ ಬರುವುದು ಯಾತಕ್ಕಾಗಿ? ಅದರಿಂದ ಊರು ಏನನ್ನು ಪಡೆಯಬೇಕು?

ಈ ಪ್ರಶ್ನೆಗೆ ನಮ್ಮ ಊರಿನ ಚರಿತ್ರೆಯೇ ಒಂದು ಉತ್ತರವನ್ನು ಕೊಟ್ಟಿದೆ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನಿನವರು ವ್ಯಾಪಾರಕ್ಕಾಗಿ ಬಂದವರಲ್ಲ. ಅವರ ಮತವನ್ನು ಸೇರಿದವರು ತಮ್ಮ ಜಾತಿಯನ್ನೂ ಕುಲವೃತ್ತಿಯನ್ನೂ ಕಳಕೊಂಡು ಬೀದಿಗೆ ಬಿದ್ದಾಗ, ಇವರ ಹೊಟ್ಟೆಗೇನು ಎಂಬ ಚಿಂತೆ ಹುಟ್ಟಿತು. ಮುದ್ರಣಾಲಯ, ನೇಯ್ಗೆಯ ಮಗ್ಗ, ಕಡೆಗೆ 1865ರಲ್ಲಿ ಜೆಪ್ಪುವಿನ ಹಂಚಿನ ಕಾರಖಾನೆ ಈ ಚಿಂತೆಯಿಂದ ಬೆಳೆದುವು. ಪ್ಲೆಬ್ಸ್ಟ್ ಎಂಬ ಜರ್ಮನ್ ಕುಶಲಿಗನು ನೇತ್ರಾವತಿಯ ದಂಡೆಯ ಜೇಡಿಮಣ್ಣನ್ನು ಪರೀಕ್ಷಿಸಿ, ಯಂತ್ರದಲ್ಲಿ ಒತ್ತಿದ ಹಂಚನ್ನು ಸುಟ್ಟು ತೆಗೆದನು. ಅವರ ಮತಪ್ರಚಾರವನ್ನು ನಾವು ಮೆಚ್ಚಬೇಕಾಗಿಲ್ಲ. ಆದರೆ ಕೆಲಸ ತಿಳಿಯದವನನ್ನು ಕರೆದು, ಕೆಲಸ ಕಲಿಸಿ, ಕೂಲಿ ಕೊಟ್ಟರೆಂಬುದನ್ನು ಒಪ್ಪದಿರುವುದು ನ್ಯಾಯವಲ್ಲ. ಸ್ವದೇಶಿಯರಲ್ಲಿಯೂ ಈ ದೃಷ್ಟಿಯುಳ್ಳವರಿದ್ದರು. 1897ರಲ್ಲಿ ದಲಿತ ವರ್ಗದವರ ಉದ್ಧಾರಕ್ಕಾಗಿ ಸಂಸ್ಥೆಯನ್ನು ಕಟ್ಟಿದ ಕುದ್ಮುಲ್ ರಂಗರಾಯರು ಅಕ್ಷರದೊಡನೆ ಕೈಕಸುಬನ್ನೂ ಕಲಿಸಿದರು. ಬರಿಯ ಓದಿನಿಂದ ಹಸಿವು ಹೋಗದೆಂದು ಆ ಮಹನೀಯರು ಅರಿತಿದ್ದರು.

ಜೆಪ್ಪುವಿನ ಕಲಿಕೆ ಜೆಪ್ಪುವಿನಲ್ಲಿಯೇ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಆಲ್ಬುಕರ್ಕ್ ಮೊದಲಾದ ನಮ್ಮವರೇ ಕಾರಖಾನೆಗಳನ್ನು ತೆರೆದರು. ಬೋಳಾರ, ಹೊಯಿಗೆಬಜಾರುಗಳ ದಂಡೆಯುದ್ದಕ್ಕೂ ಚಿಮಿಣಿಗಳೆದ್ದುವು. ಮಣ್ಣು ದೋಣಿಯಲ್ಲಿ ಬಂತು, ಸೌದೆ ಘಟ್ಟದ ಬುಡದಿಂದ ಬಂತು, ಹಂಚು ಹಡಗೇರಿ ಆಫ್ರಿಕದ ಕರಾವಳಿಯ ವರೆಗೂ ಹೋಯಿತು. ಮಂಗಳೂರಿನ ಹೆಸರು ಲೋಕದ ಬಾಯಲ್ಲಿ ನಿಂತುದು ಈ ಕೆಂಪು ಹಂಚಿನಿಂದಲೇ. ಮೊದಲ ಮಹಾಯುದ್ಧದಲ್ಲಿ ಜರ್ಮನರು ಬಂಧಿತರಾಗಿ, ಮಿಶನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದಾಗಲೂ ಕಸುಬು ನಿಲ್ಲಲಿಲ್ಲ, ಏಕೆಂದರೆ ಅದನ್ನು ಬಲ್ಲ ಕೈಗಳು ಈ ಊರಿನವೇ ಆಗಿದ್ದುವು. ಆ ಕಾಲವನ್ನು ನಾವು ಸುವರ್ಣಯುಗವೆನ್ನುವುದಿಲ್ಲ. ಕೂಲಿ ಅಲ್ಪವಾಗಿತ್ತು, ಒಲೆಯ ಬೇಗೆ ಅಧಿಕವಾಗಿತ್ತು. ಸಂಘ ಕಟ್ಟಿ ಹೋರಾಡಿಯೇ ಕೂಲಿಕಾರರು ತಮ್ಮ ಹಕ್ಕನ್ನು ಪಡೆಯಬೇಕಾಯಿತು. ಇಂದು ಕಾಂಕ್ರೀಟು ಮಾಡು ಬಂದು, ಮಣ್ಣೂ ಸೌದೆಯೂ ದುರ್ಲಭವಾಗಿ, ಆ ಕಾರಖಾನೆಗಳಲ್ಲಿ ಬಹುತೇಕ ಮುಚ್ಚಿಹೋಗಿವೆ.

ಹಂಚಿನ ಬಳಿಕ ಈ ಜಿಲ್ಲೆಯ ಬಡವರ ಕೈಹಿಡಿದುದು ಗೇರುಬೀಜ ಮತ್ತು ಬೀಡಿ. ಇವೆರಡೂ ಮುಖ್ಯವಾಗಿ ಹೆಂಗಸರ ದುಡಿಮೆಯಿಂದ ನಿಂತ ಉದ್ಯಮಗಳು. ಗೇರುಬೀಜ ಒಡೆದು, ಸಿಪ್ಪೆ ತೆಗೆದು, ಬೇರ್ಪಡಿಸುವವರು ಅವರೇ. ಬೀಡಿಯಂತೂ ಕಾರಖಾನೆಯ ಗೋಡೆಯನ್ನೇ ಬಯಸದು. ಗುತ್ತಿಗೆದಾರನು ಎಲೆ, ಹೊಗೆಸೊಪ್ಪು, ನೂಲು ಕೊಡುತ್ತಾನೆ. ಹೆಂಗಸು ಮೊರವನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕುಳಿತು ಕಟ್ಟುತ್ತಾಳೆ. ಆಕೆಯ ಮಗನ ಶಾಲೆಯ ಶುಲ್ಕ, ಮಗಳ ಮದುವೆಯ ಚಿನ್ನ, ಮಳೆಗಾಲದ ಅಕ್ಕಿ ಆ ಮೊರದಿಂದ ಬಂದುವು. ಹಿಂದಿನ ಅವಿಭಜಿತ ಜಿಲ್ಲೆಯಲ್ಲಿ ಹೀಗೆ ದುಡಿದವರ ಸಂಖ್ಯೆ ಲಕ್ಷಗಳ ಲೆಕ್ಕದ್ದು. 1966ರಲ್ಲಿ ಪಾರ್ಲಿಮೆಂಟು ಬೀಡಿ ಕಾರ್ಮಿಕರ ಕಾಯಿದೆಯನ್ನು ಮಾಡಿದಾಗ ಮಾಲಿಕರು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ವ್ಯಾಜ್ಯದ ತಲೆಬರಹದಲ್ಲಿಯೇ ಮಂಗಳೂರಿನ ಹೆಸರಿದೆ: ಮಂಗಳೂರು ಗಣೇಶ್ ಬೀಡಿ ವರ್ಕ್ಸ್. 1974ರಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿದು, ಮನೆಯಲ್ಲಿ ಕುಳಿತು ದುಡಿಯುವವಳಿಗೂ ಅದರ ರಕ್ಷಣೆಯನ್ನು ಉಳಿಸಿತು.

ಇನ್ನು ಹೊಸ ಕಾರಖಾನೆಗಳ ಕಡೆಗೆ ತಿರುಗೋಣ. ಉಳ್ಳಾಲ ಶ್ರೀನಿವಾಸ ಮಲ್ಯರಂಥವರ ಪರಿಶ್ರಮದಿಂದ ಪಣಂಬೂರಿನ ಬಂದರಿನ ಕನಸು ಕೈಗೂಡಿ, 1974ರಲ್ಲಿ ಅದು ದೇಶದ ಪ್ರಧಾನ ಬಂದರುಗಳ ಸಾಲಿಗೆ ಸೇರಿತು. ಬಂದರಿನ ಬೆನ್ನಿಗೆ ಉದ್ಯಮಗಳು ಬಂದುವು. 1976ರಲ್ಲಿ ರಸಗೊಬ್ಬರದ ಕಾರಖಾನೆ ಉತ್ಪಾದನೆಯನ್ನಾರಂಭಿಸಿತು. ಅದೇ ವರ್ಷ ಸ್ಥಾಪಿತವಾದ ಕುದುರೆಮುಖ ಕಂಪೆನಿಯು ಘಟ್ಟದ ಮೇಲಿಂದ ಸುಮಾರು 67 ಕಿಲೋಮೀಟರು ಕೊಳವೆಯಲ್ಲಿ ಅದಿರಿನ ರಾಡಿಯನ್ನು ಇಳಿಸಿ, 1987ರಿಂದ ಇಲ್ಲಿಯೇ ಉಂಡೆಗಟ್ಟತೊಡಗಿತು. 1988ರಲ್ಲಿ ಹುಟ್ಟಿದ ಎಂ.ಆರ್.ಪಿ.ಎಲ್. 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ತೈಲದೊಂದಿಗೆ ತೊಡಗಿ, 2003ರಲ್ಲಿ ಓ.ಎನ್.ಜಿ.ಸಿ.ಯ ವಶವಾಗಿ, ಇಂದು 150 ಲಕ್ಷ ಟನ್ ಶುದ್ಧೀಕರಿಸುವ ಸಾಮರ್ಥ್ಯಕ್ಕೇರಿದೆ. ಬಾಳದಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಂಪೆನಿಯ ರಾಸಾಯನಿಕ ಕಾರಖಾನೆಯಿದೆ. ಬೈಕಂಪಾಡಿಯಲ್ಲಿ ಚಿಕ್ಕ ಪುಟ್ಟ ಉದ್ಯಮಗಳ ನೆರವಿಯೇ ಇದೆ. ಇವುಗಳಿಂದ ದೇಶಕ್ಕೆ ಗೊಬ್ಬರ, ಇಂಧನ, ವಿದೇಶೀ ವಿನಿಮಯ ದೊರೆತಿದೆಯೆಂಬುದು ನಿರ್ವಿವಾದ. ದೇಶದ ಹಿತವನ್ನು ಬಯಸುವ ಯಾವನೂ ಇವನ್ನು ಬೇಡವೆನ್ನಲಾರನು.

ಆದರೆ ಹಳೆಯ ಕಾರಖಾನೆಗೂ ಹೊಸದಕ್ಕೂ ಇರುವ ಅಂತರವನ್ನು ಗಮನಿಸಬೇಕು. ಹಂಚಿಗೂ ಬೀಡಿಗೂ ಬಂಡವಾಳ ಸ್ವಲ್ಪ ಸಾಕು, ಕೈಗಳು ಬಹಳ ಬೇಕು. ತೈಲಕ್ಕೆ ಸಹಸ್ರಾರು ಕೋಟಿ ರೂಪಾಯಿ ಬೇಕು, ಕೈಗಳು ಕೆಲವೇ ಸಾಕು. ಇಷ್ಟು ದೊಡ್ಡ ಶುದ್ಧೀಕರಣಾಗಾರದ ಖಾಯಂ ನೌಕರರ ಸಂಖ್ಯೆ ಕೆಲವೇ ಸಾವಿರದ ಒಳಗಿನದು. ಅವರನ್ನು ಅಖಿಲ ಭಾರತ ಮಟ್ಟದ ಪರೀಕ್ಷೆಯಿಂದ ಆರಿಸಲಾಗುತ್ತದೆ. ಗುಡಿಸುವ, ಹೊರುವ, ಬಣ್ಣ ಬಳಿಯುವ, ವರ್ಷಕ್ಕೊಮ್ಮೆ ಯಂತ್ರ ಬಿಚ್ಚಿ ಶುಚಿಮಾಡುವ ಕೆಲಸಗಳು ಗುತ್ತಿಗೆದಾರನ ಪಾಲಿಗೆ. ಗುತ್ತಿಗೆಯ ಕೆಲಸಗಾರನು ಗೇಟಿನೊಳಗೆ ಹತ್ತು ವರ್ಷ ದುಡಿದರೂ ಕಾರಖಾನೆಯ ಲೆಕ್ಕದಲ್ಲಿ ಹೊರಗಿನವನೇ.

ಊರು ತೆತ್ತುದಾದರೋ ಸ್ವಲ್ಪವಲ್ಲ. ಬಂದರಿಗಾಗಿ ಮನೆ ತೊರೆದವರು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಹೊಸದಾಗಿ ಒಲೆ ಹೂಡಿದರು. ಬಾಳ, ಕಳವಾರು, ಪೆರ್ಮುದೆಗಳ ಗದ್ದೆ ತೋಟಗಳು ಒಂದರ ಮೇಲೊಂದರಂತೆ ಯೋಜನೆಗಳಿಗೆ ಹೋದುವು. ಜೋಕಟ್ಟೆಯವರು ಕೋಕಿನ ಧೂಳನ್ನು ಸಹಿಸಲಾರದೆ ವರ್ಷಗಟ್ಟಲೆ ಹೋರಾಡಿದರು. ನೇತ್ರಾವತಿಯ ನೀರನ್ನು ನಗರವೂ ಕಾರಖಾನೆಯೂ ಹಂಚಿಕೊಂಡುವು. 2019ರ ಮೇ ತಿಂಗಳಲ್ಲಿ ನದಿ ಬತ್ತಿ, ನಗರದಲ್ಲಿ ಕೊಡಪಾನಗಳು ಸಾಲು ನಿಂತಾಗ, ಶುದ್ಧೀಕರಣಾಗಾರವೂ ತನ್ನ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಆಮೇಲೆ ತಣ್ಣೀರುಬಾವಿಯಲ್ಲಿ ಸಮುದ್ರದ ನೀರನ್ನು ಸಿಹಿಗೊಳಿಸುವ ಸ್ಥಾವರ ಬಂದುದು ಒಳ್ಳೆಯದೇ. ಆದರೆ ಊರೂ ಕಾರಖಾನೆಯೂ ಒಂದೇ ಬಾವಿಯ ನೀರು ಕುಡಿಯುವ ನೆರೆಹೊರೆಯವರೆಂಬ ಪಾಠವನ್ನು ಆ ಬೇಸಗೆ ಎಲ್ಲರಿಗೂ ಕಲಿಸಿತು.

ಹಿರಿಯ ಕಾರಖಾನೆ ಎಂದೆಂದಿಗೂ ನಿಲ್ಲುವುದೆಂಬ ಭ್ರಮೆಯೂ ಬೇಡ. ಕುದುರೆಮುಖದ ಯೋಜನೆ ಇರಾನಿನ ಉಕ್ಕಿನ ಅಗತ್ಯವನ್ನು ನೆಚ್ಚಿ ಹುಟ್ಟಿತು. ಅಲ್ಲಿ ಕ್ರಾಂತಿಯಾಗಿ ಆ ಗಿರಾಕಿ ಇಲ್ಲವಾದನು. ಬೇರೆ ಗಿರಾಕಿಗಳನ್ನು ಹುಡುಕಿ ಸುಧಾರಿಸಿಕೊಂಡ ಮೇಲೆ, ಅರಣ್ಯರಕ್ಷಣೆಗಾಗಿ ಸುಪ್ರೀಂ ಕೋರ್ಟಿತ್ತ ಆಜ್ಞೆಯಂತೆ 2005ರ ಕೊನೆಗೆ ಗಣಿಯೇ ನಿಂತಿತು. ಆ ಆಜ್ಞೆಯನ್ನು ನಾವು ಆಕ್ಷೇಪಿಸುವುದಿಲ್ಲ, ಕಾಡು ಹೋದರೆ ನದಿಯೂ ಹೋದಂತೆ. ಆದರೆ ಅಂದಿನಿಂದ ಪಣಂಬೂರಿನ ಉಂಡೆಯ ಕಾರಖಾನೆ ದೂರದ ಗಣಿಗಳ ಅದಿರನ್ನು ತಂದು ನಡೆಯಬೇಕಾಯಿತು. ಅದಿರೂ ಹೊರಗಿನದು, ಗಿರಾಕಿಯೂ ಹೊರಗಿನವನು ಆದಾಗ ಊರಿಗುಳಿಯುವ ಆಸ್ತಿ ಒಂದೇ: ಕೆಲಸ ಬಲ್ಲ ಜನ. ಅದನ್ನೂ ಬೆಳೆಸದಿದ್ದರೆ ಕಾರಖಾನೆ ಹೋದ ದಿನ ತುಕ್ಕು ಹಿಡಿದ ಕಬ್ಬಿಣವಲ್ಲದೆ ಮತ್ತೇನೂ ಉಳಿಯದು.

ಹಾಗಾದರೆ ಪರಿಹಾರವೇನು? ಮೀಸಲಾತಿಯೆನ್ನುತ್ತಾರೆ ಹಲವರು. ಸರೋಜಿನಿ ಮಹಿಷಿ ಸಮಿತಿಯ ವರದಿ 1980ರ ದಶಕದಿಂದಲೂ ಸರಕಾರದ ಕಪಾಟಿನಲ್ಲಿದೆ. ಹರಿಯಾಣದವರು ನೂರಕ್ಕೆ 75ರ ಕಾಯಿದೆಯನ್ನೇ ಮಾಡಿದರು. 2023ರ ನವೆಂಬರಿನಲ್ಲಿ ಅಲ್ಲಿಯ ಹೈಕೋರ್ಟು ಅದು ಸಂವಿಧಾನಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಸರಕಾರೀ ಉದ್ಯೋಗಕ್ಕೆ ವಾಸಸ್ಥಳದ ನಿಬಂಧನೆ ಹಾಕುವ ಅಧಿಕಾರ ಸಂವಿಧಾನದ 16(3)ನೆಯ ವಿಧಿಯಂತೆ ಪಾರ್ಲಿಮೆಂಟಿಗೆ ಮಾತ್ರವಿದೆ. ಇದನ್ನು ತಿಳಿದೂ ನೂರಕ್ಕೆ ಇಷ್ಟೆಂದು ಸಾರುವುದು ಜನರನ್ನು ಮರುಳುಗೊಳಿಸುವುದಾಗುತ್ತದೆ. ಮತ್ತೊಂದು ಮಾತನ್ನೂ ನಾವು ಎದೆಮುಟ್ಟಿ ಹೇಳಬೇಕು. ಮುಂಬಯಿಯ ಹೋಟೆಲುಗಳಲ್ಲಿ, ಬೇಂಕುಗಳಲ್ಲಿ, ಕೊಲ್ಲಿಯ ದೇಶಗಳ ತೈಲದ ಊರುಗಳಲ್ಲಿಯೇ ದುಡಿದು ಈ ಜಿಲ್ಲೆಗೆ ಹಣ ಕಳುಹಿಸಿದವರು ನಮ್ಮವರೇ. ನಮ್ಮ ಮಕ್ಕಳಿಗೆ ಲೋಕದ ಬಾಗಿಲೆಲ್ಲ ತೆರೆದಿರಬೇಕು, ನಮ್ಮ ಬಾಗಿಲು ಮಾತ್ರ ಮುಚ್ಚಿರಬೇಕೆಂಬುದು ನ್ಯಾಯವೂ ಅಲ್ಲ, ರಾಷ್ಟ್ರೀಯತೆಯೂ ಅಲ್ಲ. ಬಿಹಾರದ ಕೂಲಿಯವನೂ ಒರಿಸ್ಸಾದ ಇಂಜಿನಿಯರನೂ ಪರದೇಶಿಗಳಲ್ಲ.

ಆದರೆ ಭೂಮಿಯನ್ನಿತ್ತವನ ಹಕ್ಕು ಬೇರೆ. ಅದು ಹುಟ್ಟಿನ ಹಕ್ಕಲ್ಲ, ಕೊಟ್ಟುದಕ್ಕೆ ಪ್ರತಿಯಾದ ಹಕ್ಕು. ಅವನ ಮನೆಗೆ ಕೆಲಸ ಕೊಡುವೆವೆಂದು ಆಡಿದ ಮಾತಿದ್ದರೆ ಅದು ಸಾಲದಂತೆ ತೀರಿಸತಕ್ಕದ್ದು. ಅವನ ಮಗನಿಗೆ ಯೋಗ್ಯತೆಯಿಲ್ಲವೆಂಬುದು ಉತ್ತರವಾಗಲಾರದು. ಜೆಪ್ಪುವಿನಲ್ಲಿ ಯೋಗ್ಯತೆಯನ್ನು ಹುಡುಕಲಿಲ್ಲ, ನಿರ್ಮಿಸಿದರು. ಇಂದು ಅದಕ್ಕೆ ಸಾಧನಗಳೂ ಇವೆ. ಕದ್ರಿಯ ಪಾಲಿಟೆಕ್ನಿಕ್ ಇದೆ. ಸುರತ್ಕಲಿನ ಇಂಜಿನಿಯರಿಂಗ್ ವಿದ್ಯಾಲಯ 1960ರಿಂದ ಕಾರಖಾನೆಗಳ ಕೂಗಳತೆಯಲ್ಲಿಯೇ ಇದೆ. 1961ರ ಅಪ್ರೆಂಟಿಸ್ ಕಾಯಿದೆಯ ನಿಯಮದಂತೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ, ಗುತ್ತಿಗೆಯವರನ್ನೂ ಲೆಕ್ಕಕ್ಕೆ ಸೇರಿಸಿ, ನೂರಕ್ಕೆ ಎರಡೂವರೆಯಿಂದ 15ರ ವರೆಗೆ ಕಲಿಯುವವರನ್ನು ಇಟ್ಟುಕೊಳ್ಳಲೇಬೇಕು. ಎರಡೂವರೆಯಲ್ಲಿ ನಿಲ್ಲುವ ಬದಲು 15ಕ್ಕೆ ಏರಲು ಯಾವ ಕೋರ್ಟಿನ ಅಡ್ಡಿಯೂ ಇಲ್ಲ.

ಆದುದರಿಂದ ನಮ್ಮ ಸೂಚನೆಗಳು ಮೂರು. ಮೊದಲನೆಯದಾಗಿ, ಪ್ರತಿಯೊಂದು ಹಿರಿಯ ಕಾರಖಾನೆಯೂ ತನ್ನ ಖಾಯಂ ನೌಕರರೆಷ್ಟು, ಗುತ್ತಿಗೆಯವರೆಷ್ಟು, ಕಲಿಯುವವರೆಷ್ಟು, ಭೂಮಿ ಕೊಟ್ಟ ಮನೆಗಳವರೆಷ್ಟು ಎಂಬುದನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಲಿ, ಜಿಲ್ಲಾಧಿಕಾರಿಗಳು ಅದನ್ನು ಕೇಳಿ ಪಡೆಯಲಿ. ಎರಡನೆಯದಾಗಿ, ಹೊಸ ಭೂಮಿ, ಹೊಸ ನೀರು ಬೇಡುವ ಉದ್ಯಮದಿಂದ ಇಂತಿಷ್ಟು ಜನರಿಗೆ ಕಸುಬು ಕಲಿಸುವೆನೆಂಬ ಕರಾರನ್ನು ಮೊದಲೇ ಬರೆಯಿಸಿಕೊಳ್ಳಲಿ. ಮೂರನೆಯದು ಎಲ್ಲಕ್ಕಿಂತ ಜರೂರಿನದು. ಹೊಗೆಸೊಪ್ಪು ಸೇದುವವನಿಗೂ ಕಟ್ಟುವವಳಿಗೂ ಹಿತವಲ್ಲ. ಆ ಉದ್ಯಮ ಕುಗ್ಗುತ್ತಲಿದೆ, ಕುಗ್ಗಲೇಬೇಕು. ಆದರೆ ಮೊರವನ್ನು ಕೆಳಗಿಟ್ಟ ಹೆಂಗಸು ಏನು ಮಾಡಬೇಕು? 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1966ರ ಬೀಡಿ ಕಾಯಿದೆಯೂ ಅವುಗಳಲ್ಲಿ ವಿಲೀನವಾಗಿದೆ. ಅದಕ್ಕೂ ಮೊದಲೇ, 2017ರಲ್ಲಿ ಹೊಸ ತೆರಿಗೆಯ ವ್ಯವಸ್ಥೆ ಬಂದಾಗ, ಬೀಡಿಯ ಮೇಲಿನ ಕ್ಷೇಮನಿಧಿಯ ಕರ ರದ್ದಾಯಿತು. ಆಕೆಯ ಮನೆಯ ಸಹಾಯಧನ, ಮಗುವಿನ ವಿದ್ಯಾರ್ಥಿವೇತನ ಇನ್ನು ಕುಂದದಂತೆ ನೋಡಿಕೊಳ್ಳುವ ಹೊಣೆ ಸರಕಾರದ್ದು. ಊರಿನ ಬೆಳೆಯಿಂದಲೇ ಕಾರಖಾನೆ ಕಟ್ಟುವುದು ಸಾಧ್ಯವೆಂಬುದಕ್ಕೆ 1973ರಲ್ಲಿ ಮಂಗಳೂರಿನಲ್ಲಿ ರೈತರು ಕಟ್ಟಿದ ಕ್ಯಾಂಪ್ಕೋ ಸಹಕಾರ ಸಂಘವೂ, ಅದು 1986ರಲ್ಲಿ ಪುತ್ತೂರಿನಲ್ಲಿ ತೆರೆದ ಚಾಕೊಲೇಟು ಕಾರಖಾನೆಯೂ ಸಾಕ್ಷಿಯಾಗಿವೆ. ತೆಂಗು, ಹಲಸು, ಮೀನು, ಗೇರುಗಳಿಂದ ಅಂಥ ಹತ್ತು ಉದ್ಯಮಗಳೇಳಲಿ. ಬೀಡಿ ಕಟ್ಟಿದ ಬೆರಳುಗಳ ಚುರುಕು ಅಲ್ಲಿ ವ್ಯರ್ಥವಾಗದು.

ದೀಪದ ಬುಡದಲ್ಲಿಯೇ ಕತ್ತಲೆಯೆಂಬ ಗಾದೆಯಿದೆ. ಪಣಂಬೂರಿನ ಆಗಸದಲ್ಲಿ ರಾತ್ರಿಯಿಡೀ ಉರಿಯುವ ಜ್ವಾಲೆಯನ್ನು ಇಡೀ ನಗರ ನೋಡುತ್ತದೆ. ಅದರ ಬೆಳಕಿನಲ್ಲಿಯೇ ಕುಳಿತು ಬೀಡಿ ಕಟ್ಟುವ ತಾಯಿಯ ಮಗನಿಗೆ ಆ ಗೇಟಿನೊಳಗೆ ಕಲಿಯಲು ಸ್ಥಳವಿದೆಯೇ ಎಂದು ಕಾರಖಾನೆಯ ಆಡಳಿತದವರೂ ಸರಕಾರದವರೂ ತಮ್ಮನ್ನು ತಾವೇ ಕೇಳಿಕೊಳ್ಳಲಿ. ಮುಂದಿನ ಜಾಹೀರಾತು ಪ್ರಕಟವಾಗುವ ಮೊದಲೇ ಅವರಿದಕ್ಕೆ ಉತ್ತರವೀಯುವರೆಂದು ಆಶಿಸುತ್ತೇವೆ.