ಕಟ್ಟಿದ ಹಗ್ಗ ಸಡಿಲವಾಗಲಿ

ನಾಲ್ಕನೆಯ ತೀರ್ಥಂಕರ ಅಭಿನಂದನನಾಥ ಸ್ವಾಮಿಯ ಲಾಂಛನ ಕಪಿ. ಬಸದಿಯಲ್ಲಿ ಆ ಲಾಂಛನವನ್ನು ಕಂಡಾಗಲೆಲ್ಲ ನನಗೆ ಹಳೆಯದೊಂದು ತಪ್ಪು ನೆನಪಾಗುತ್ತದೆ.

ಶಿಕ್ಷಕನಾಗಿದ್ದಾಗ ಮಕ್ಕಳನ್ನು ಮೃಗಾಲಯವೊಂದಕ್ಕೆ ಕರೆದೊಯ್ದಿದ್ದೆ. ಸಿಮೆಂಟು ನೆಲದ ಪಂಜರದಲ್ಲಿ ಒಂಟಿ ಕೋತಿಯೊಂದು ಕುಳಿತಲ್ಲೇ ಹಿಂದಕ್ಕೂ ಮುಂದಕ್ಕೂ ತೂಗುತ್ತಿತ್ತು. “ನೋಡಿ ಮಕ್ಕಳೇ, ಕುಣಿಯುತ್ತಿದೆ” ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅದು ಕುಣಿತವಲ್ಲ, ಬಂಧನದ ಬಳಲಿಕೆಯಿಂದ ಹುಟ್ಟುವ ವರ್ತನೆ ಎಂಬುದನ್ನು ಬಹುಕಾಲದ ಮೇಲೆ ಓದಿ ತಿಳಿದೆ. ಒಂದೇ ಜಾಡಿನಲ್ಲಿ ಸುತ್ತುವುದು, ತನ್ನ ಕೂದಲನ್ನು ತಾನೇ ಕೀಳುವುದು, ತನ್ನ ಕೈಯನ್ನೇ ಕಚ್ಚಿಕೊಳ್ಳುವುದು ಇವೂ ಅದೇ ಬಗೆಯವು.

ಕಪಿಯ ಸ್ವಭಾವ ಬೇರೆ. ನಮ್ಮ ಪಶ್ಚಿಮ ಘಟ್ಟದ ಸಿಂಗಳೀಕವನ್ನೇ ನೋಡೋಣ. ಮರದಿಂದ ಮರಕ್ಕೆ ಸಾಗುತ್ತ, ಹಣ್ಣು, ಕಾಯಿ, ಕೀಟಗಳನ್ನು ಅರಸುವುದರಲ್ಲಿಯೇ ಅದರ ಹಗಲಿನ ಬಹುಭಾಗ ಕಳೆಯುತ್ತದೆ. ಅದು ಗುಂಪಿನಲ್ಲಿ ಬಾಳುವ ಪ್ರಾಣಿ. ಒಂದು ಇನ್ನೊಂದರ ಮೈ ಹೆಕ್ಕುತ್ತ ನಂಟನ್ನು ಉಳಿಸಿಕೊಳ್ಳುತ್ತದೆ. ತಟ್ಟೆಯಲ್ಲಿ ಹಣ್ಣಿಟ್ಟರೆ ಹಸಿವು ತೀರಬಹುದು. ಅರಸುವ ಹಂಬಲ, ಒಡನಾಟದ ಹಂಬಲ ತೀರುವುದಿಲ್ಲ. ಜೈನದರ್ಶನದ ಪ್ರಕಾರ ಕಪಿಯು ಸಂಜ್ಞಿ ಪಂಚೇಂದ್ರಿಯ, ಅಂದರೆ ಮನಸ್ಸುಳ್ಳ ಜೀವ. ಮನಸ್ಸುಳ್ಳದ್ದಕ್ಕೆ ಮನಸ್ಸಿನ ನೋವೂ ಉಂಟು.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಬಂಧವನ್ನೇ ಮೊದಲು ಹೇಳಿದ್ದಾರೆ. ಹೊಡೆಯುವುದು, ಅಂಗ ಕತ್ತರಿಸುವುದು, ಅತಿಭಾರ ಹೇರುವುದು, ಅನ್ನಪಾನ ತಡೆಯುವುದು ಅನಂತರದವು. ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ ಎಂದ ಮಾತ್ರಕ್ಕೆ ನಾವು ನಿರ್ದೋಷಿಗಳಾಗುವುದಿಲ್ಲ.

ಹಾಗಾದರೆ ಮೃಗಾಲಯಗಳನ್ನೆಲ್ಲ ಮುಚ್ಚಬೇಕೆ? ಪಂಜರದಲ್ಲೇ ಹುಟ್ಟಿ ಬೆಳೆದ ಪ್ರಾಣಿ ಕಾಡಿನಲ್ಲಿ ಬದುಕುವುದು ಕಷ್ಟ. ಬಾಗಿಲು ತೆರೆದುಬಿಡುವುದೇ ದಯೆಯಲ್ಲ. ಪಶುವನ್ನು ಕಟ್ಟಲೇಬೇಕಾದರೆ ಸಡಿಲವಾದ ಹಗ್ಗದಿಂದ ಕಟ್ಟಬೇಕೆಂದು ಶ್ರಾವಕಾಚಾರ ಬಲ್ಲ ಹಿರಿಯರು ಹೇಳುತ್ತಾರೆ. ಹತ್ತಲು ಮರ, ಒಡನಾಡಲು ಗುಂಪು, ಹುಡುಕಿ ತಿನ್ನುವಂತೆ ಬಚ್ಚಿಟ್ಟ ಆಹಾರ, ಜನರ ಕಣ್ಣಿನಿಂದ ಮರೆಯಾಗಲು ಒಂದು ಎಡೆ: ಇಂದಿನ ಸಡಿಲ ಹಗ್ಗವೆಂದರೆ ಇವೇ. ಇವನ್ನು ಒದಗಿಸಲಾಗದ ಕಡೆ ಕಪಿಯನ್ನು ಇಡುವ ಹಕ್ಕು ಯಾರಿಗೂ ಇಲ್ಲವೆಂಬುದು ನನ್ನ ಅಭಿಪ್ರಾಯ.

ನೋಡಲು ಹೋಗುವ ನಮ್ಮ ಹೊಣೆಯೂ ಇದೆ. ಕಡಲೆಕಾಯಿ, ಬಿಸ್ಕತ್ತು ಎಸೆಯುವುದು ದಾನವಲ್ಲ. ಮೃಗಾಲಯದ ಪ್ರಾಣಿಗಳಿಗೆ ತಿನಿಸು ನೀಡುವುದನ್ನೂ ಅವನ್ನು ಕೆಣಕುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಕೂಗದೆ, ಕೆಣಕದೆ ನಿಂತು ನೋಡುವುದೂ ಅಣುವ್ರತದ ಪಾಲನೆಯೇ. ತೂಗುವ ಕೋತಿಯನ್ನು ತೋರಿಸಿ ಮಕ್ಕಳು ಕೇಳಿದರೆ, ಕುಣಿಯುತ್ತಿದೆ ಎನ್ನಬೇಡಿ, ನೊಂದಿದೆ ಎನ್ನಿ. ಕ್ಷಮಾವಣಿಯ ದಿನ ಸಕಲ ಜೀವಗಳಲ್ಲಿ ಕ್ಷಮೆ ಬೇಡುವಾಗ ನಾನು ಆ ಒಂಟಿ ಕೋತಿಯನ್ನೂ ನೆನೆದು ಕೈಮುಗಿಯುತ್ತೇನೆ.