ಶುಶ್ರೂಷೆ ಮಾಡುವವರಿಗೂ ವಿಶ್ರಾಂತಿ ಬೇಕು

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕಾಚಾರ್ಯರು ಹೇಳಿದ್ದಾರೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪರಿಚಾರಕನಿಗೆ ಶುಶ್ರೂಷೆಯ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಪ್ರೀತಿ, ಶುಚಿತ್ವ ಇರಬೇಕೆಂದೂ ಅವರು ವಿಧಿಸಿದ್ದಾರೆ. ಖಿನ್ನತೆಗೆ ಒಳಗಾದವರ ಮನೆಯಲ್ಲಿ ಈ ಪರಿಚಾರಕರು ಬಹುಮಟ್ಟಿಗೆ ಹೆಂಡತಿ, ಕೆಲವೊಮ್ಮೆ ಗಂಡ. ಅವರಿಂದ ನಾಲ್ಕು ಗುಣಗಳನ್ನೂ ಬಯಸುವ ನಾವು ಅವರಿಗೆ ದಿನಕ್ಕೆ ಅರ್ಧ ಗಂಟೆಯ ಬಿಡುವು ಕೊಡಲು ಮಾತ್ರ ಸಿದ್ಧರಿಲ್ಲ.

2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ದೇಶದ 20 ಜನರಲ್ಲಿ ಒಬ್ಬರಿಗೆ ಖಿನ್ನತೆಯ ತೊಂದರೆಯಿದೆಯೆಂದು ತಿಳಿಸಿತು. ಕಾಲು ಮುರಿದರೆ ಊರೇ ಬಂದು ವಿಚಾರಿಸುತ್ತದೆ. ಮನಸ್ಸು ಕುಸಿದರೆ ಸೋಮಾರಿತನವೆನ್ನುತ್ತಾರೆ, ಇಲ್ಲವೇ ಗಾಳಿ ಸೋಕಿತೆನ್ನುತ್ತಾರೆ. ಮಧುಗಿರಿ, ಶಿರಾ, ಪಾವಗಡದ ಕಡೆ ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿ, ಕೊಳವೆಬಾವಿಯೂ ಬತ್ತಿದಾಗ ಜಗುಲಿಯ ಮೇಲೆ ಮಾತಿಲ್ಲದೆ ಕುಳಿತುಬಿಡುವ ರೈತನಿದ್ದಾನೆ. ಆಗ ಹೊಲ, ದನಕರು, ಮಕ್ಕಳು, ಸಾಲಗಾರರಿಗೆ ಉತ್ತರ, ಎಲ್ಲವೂ ಹೆಂಡತಿಯ ಪಾಲು. ರಾತ್ರಿಯೂ ಆಕೆಯ ಒಂದು ಕಿವಿ ಅವನ ಕಡೆಗೇ ಇರುತ್ತದೆ. ಕೆಲವು ತಿಂಗಳಾದ ಮೇಲೆ ತಲೆನೋವು, ಎದೆಬಡಿತ, ಹುಳಿತೇಗು ಎಂದು ವೈದ್ಯರ ಬಳಿಗೆ ಬರುತ್ತಾಳೆ. ಮನೆಯಲ್ಲಿ ಹೇಗಿದ್ದಾರೆಂದು ಕೇಳಿದೊಡನೆ ಕಣ್ಣು ತುಂಬುತ್ತದೆ. ಹೆಂಡತಿಯ ಬಾಣಂತನದ ನಂತರದ ಖಿನ್ನತೆಯನ್ನು ಕಾಣುತ್ತಿರುವ ಗಂಡನಾದರೋ ಅದನ್ನೂ ಹೇಳಿಕೊಳ್ಳುವುದಿಲ್ಲ. ಗಂಡಸು ಅಳಬಾರದೆಂದು ನಾವೇ ಕಲಿಸಿದ್ದೇವಲ್ಲ!

ಇಂಥವರಿಗೆ ದುಬಾರಿ ಲೇಹ್ಯಕ್ಕಿಂತ ಮೊದಲು ನಾನು ಹೇಳುವುದು ಉಸಿರಿನ ವಿಚಾರ. ನಾಲ್ಕು ಎಣಿಸುವಷ್ಟು ಕಾಲ ಉಸಿರು ತೆಗೆದುಕೊಂಡು, ಆರು ಎಣಿಸುವಷ್ಟು ಕಾಲ ನಿಧಾನವಾಗಿ ಬಿಡಬೇಕು. ಬಲವಂತದಿಂದ ಹಿಡಿದಿಡಬಾರದು. ಬೆಳಿಗ್ಗೆ ಲಿಂಗಪೂಜೆಗೆ ಕುಳಿತಾಗಲೇ ಮೊದಲ ಐದು ನಿಮಿಷ ಇದನ್ನು ಮಾಡಬಹುದು. ಇನ್ನೊಂದು ವಿಧಾನವನ್ನು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಕಳೆದ ಶತಮಾನದ ಮೊದಲರ್ಧದಲ್ಲಿ ರೂಪಿಸಿದರು. ಮಲಗಿಕೊಂಡು ಪಾದಗಳನ್ನು ಐದಾರು ಕ್ಷಣ ಬಿಗಿಮಾಡಿ ಸಡಿಲಿಸುವುದು. ಹಾಗೆಯೇ ತೊಡೆ, ಹೊಟ್ಟೆ, ಮುಷ್ಟಿ, ಭುಜ, ಕೊನೆಗೆ ಹಣೆ. ಬಿಗಿತ ಮತ್ತು ಸಡಿಲಿಕೆಯ ವ್ಯತ್ಯಾಸವನ್ನು ಗಮನಿಸುವುದೇ ಇದರ ಸಾರ. ದಿನವಿಡೀ ಹಲ್ಲು ಕಚ್ಚಿಕೊಂಡೇ ದುಡಿದವರಿಗೆ ತಮ್ಮ ಭುಜ ಬಿಗಿದಿರುವುದೇ ತಿಳಿದಿರುವುದಿಲ್ಲ. ರಾತ್ರಿ ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ಅಂಗಾಲು ತಿಕ್ಕಿಕೊಳ್ಳುವ ಪಾದಾಭ್ಯಂಗವು ನಿದ್ರೆಗೆ ಹಿತಕರವೆಂದು ನಮ್ಮ ಶಾಸ್ತ್ರದಲ್ಲಿದೆ. ಖರ್ಚು ಒಂದೆರಡು ಚಮಚ ಎಣ್ಣೆ ಮಾತ್ರ.

ಆದರೆ ಒಲೆಯ ಮೇಲೆ ಮುದ್ದೆಗೆ ಎಸರಿಟ್ಟು, ಕೊಟ್ಟಿಗೆಯಲ್ಲಿ ಹಸು ಕೂಗುತ್ತಿರುವಾಗ ಯಾರು ಉಸಿರು ಎಣಿಸಿಯಾರು? ‘ಧ್ಯಾನ ಮಾಡಮ್ಮ, ಎಲ್ಲ ಸರಿಹೋಗುತ್ತದೆ’ ಎಂಬ ಉಪದೇಶ ಸುಲಭ. ಆ ಅರ್ಧ ಗಂಟೆ ರೋಗಿಯ ಬಳಿ ಕುಳಿತುಕೊಳ್ಳುವವರು ಬೇಕು. ಅತ್ತೆ ಕೂರಲಿ, ಮೈದುನ ಕೂರಲಿ, ಪಕ್ಕದ ಮನೆಯವರು ಬರಲಿ. ನನ್ನ ಅಭಿಪ್ರಾಯದಲ್ಲಿ ವಿಶ್ರಾಂತಿಯ ವಿಧಾನವನ್ನು ಕಲಿಸಬೇಕಾದುದು ಆಕೆಯೊಬ್ಬಳಿಗಲ್ಲ. ಆಕೆಗೆ ಬಿಡುವು ಮಾಡಿಕೊಡುವುದನ್ನು ಮನೆಮಂದಿಗೆ ಕಲಿಸಬೇಕು. ತಾನು ಕಣ್ಣು ಮುಚ್ಚಿ ಕುಳಿತರೆ ಗಂಡನನ್ನು ಕಡೆಗಣಿಸಿದಂತಾಯಿತೆಂದು ಅಳುಕುವ ಹೆಣ್ಣುಮಕ್ಕಳಿಗೆ ಹಿರಿಯರೇ ಧೈರ್ಯ ಹೇಳಬೇಕು.

ಈ ವಿಧಾನಗಳು ಶುಶ್ರೂಷೆ ಮಾಡುವವರ ಆಯಾಸಕ್ಕೆ ಪರಿಹಾರವೇ ಹೊರತು ರೋಗಿಯ ಖಿನ್ನತೆಗೆ ಚಿಕಿತ್ಸೆಯಲ್ಲ. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಿ ಚೂರ್ಣ, ಕಷಾಯಗಳಿಗೆ ಬದಲಾಯಿಸಬಾರದು. ಆಯುರ್ವೇದ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ. ಶುಶ್ರೂಷೆ ಮಾಡುವವರಿಗೇ ಎರಡು ವಾರ ನಿದ್ರೆ, ಹಸಿವು ಕೆಟ್ಟು ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಅವರೂ ತಪಾಸಣೆ ಮಾಡಿಸಿಕೊಳ್ಳಬೇಕು. ರೋಗಿಯು ಸಾವಿನ ಮಾತು ಆಡಿದರೆ ಒಂಟಿಯಾಗಿ ಬಿಡದೆ, ಹೊಲಕ್ಕೆ ತಂದ ಕ್ರಿಮಿನಾಶಕವನ್ನು ಮನೆಯಿಂದ ಹೊರಗೆ ಸಾಗಿಸಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ರೋಗಿಯಷ್ಟೇ ಅಲ್ಲ, ಅವರನ್ನು ನೋಡಿಕೊಳ್ಳುವವರೂ ಮಾಡಬಹುದು.