ಶಾಂಘೈಯಲ್ಲಿ ಗುಮ್ಮಟವಾದ ಬಿದಿರು, ಊರಿನಲ್ಲಿ ಮೊರವಾಗಿಯೇ ಉಳಿಯಿತು

ಶೀಳನೆರೆ (ಕೃಷ್ಣರಾಜಪೇಟೆ ತಾಲ್ಲೂಕು): ಈ ಹೋಬಳಿಯ ಹಳ್ಳಿಗಳಲ್ಲಿ ಬಿದಿರೆಂದರೆ ಮೊರ, ಮಂಕರಿ, ಏಣಿ, ಮದುವೆ ಚಪ್ಪರದ ಗಳ, ರೇಷ್ಮೆ ಸಾಕುವ ಮನೆಯಲ್ಲಾದರೆ ಹುಳು ಗೂಡು ಕಟ್ಟುವ ಚಂದ್ರಿಕೆ. ಆ ಬಿದಿರನ್ನೇ ಮುಂದಿಟ್ಟುಕೊಂಡು ಭಾರತ 2010ರಲ್ಲಿ ಚೀನಾದ ಶಾಂಘೈ ವಿಶ್ವ ಮೇಳದಲ್ಲಿ ತನ್ನ ರಾಷ್ಟ್ರೀಯ ಮಂಟಪವನ್ನು ಕಟ್ಟಿತ್ತು. ವಾಸ್ತುಶಿಲ್ಪಿ ಸಂಜಯ್ ಪ್ರಕಾಶ್ ರೂಪಿಸಿದ ಅದರ ಗುಮ್ಮಟದ ವ್ಯಾಸ ಸುಮಾರು 35 ಮೀಟರ್. ಸಾಂಚಿ ಸ್ತೂಪವನ್ನು ನೆನಪಿಸುವ ಆಕಾರ, ಮೇಲೆ ಹಸಿರಿನ ಹೊದಿಕೆ.

ಆರು ತಿಂಗಳ ಮೇಳ ಅದೇ ಅಕ್ಟೋಬರ್ 31ಕ್ಕೆ ಮುಗಿಯಿತು. ಇಂತಹ ಮೇಳಗಳ ಬಹುತೇಕ ಮಂಟಪಗಳು ಕಳಚುವುದಕ್ಕೆಂದೇ ಏಳುತ್ತವೆ, ಅದರಲ್ಲಿ ಅಚ್ಚರಿಯಿಲ್ಲ. ಆದರೆ ಹೊರದೇಶದಲ್ಲಿ ಮೆರೆದ ತಂತ್ರಜ್ಞಾನ ಮನೆಗೆ ಮರಳಿತೇ ಎಂಬ ಪ್ರಶ್ನೆಗೆ ಸಿಗುವ ಉತ್ತರ ನಿರಾಶಾದಾಯಕ. ಶಾಂಘೈಯಲ್ಲಿ ಗುಮ್ಮಟ ನಿಂತಿದ್ದಾಗ 1927ರ ಭಾರತೀಯ ಅರಣ್ಯ ಕಾಯ್ದೆಯ ಪ್ರಕಾರ ಬಿದಿರು ಹುಲ್ಲಲ್ಲ, ಮರ! ಅರಣ್ಯೇತರ ಪ್ರದೇಶದಲ್ಲಿ ಬೆಳೆದ ಬಿದಿರನ್ನು ಆ ವ್ಯಾಖ್ಯೆಯಿಂದ ಕೈಬಿಡಲು 2017ರವರೆಗೆ ಕಾಯಬೇಕಾಯಿತು.

ಶಾಂಘೈ ಗುಮ್ಮಟದ ಹಿಂದೆ ಕೊಲಂಬಿಯಾದ ವಾಸ್ತುಶಿಲ್ಪಿ ಸಿಮೊನ್ ವೆಲೆಸ್ ಅವರ ಅನುಭವವೂ ಇತ್ತು. ಟೊಳ್ಳು ಬಿದಿರಿಗೆ ನೇರವಾಗಿ ಬೋಲ್ಟ್ ಹಾಕಿದರೆ ಅದು ಸೀಳುತ್ತದೆ. ಆದ್ದರಿಂದ ಕೂಡುವ ಜಾಗದ ಗೆಣ್ಣುಗಳ ನಡುವೆ ಸಿಮೆಂಟ್ ಗಾರೆ ತುಂಬಿ ಬಿಗಿಯುವುದು ಅವರ ವಿಧಾನ. 2000ದ ಹ್ಯಾನೋವರ್ ಮೇಳಕ್ಕೆ ಅವರು ಬಿದಿರಿನ ಮಂಟಪ ಕಟ್ಟಹೊರಟಾಗ ಜರ್ಮನಿಯ ಅಧಿಕಾರಿಗಳು ಸುಮ್ಮನೆ ಒಪ್ಪಲಿಲ್ಲ. ಕೊಲಂಬಿಯಾದ ಮನಿಸಾಲೆಸ್‌ನಲ್ಲಿ ಅದೇ ಅಳತೆಯ ಮಂಟಪವನ್ನು ಮೊದಲು ಕಟ್ಟಿ, ಭಾರ ಹೇರಿ ಪರೀಕ್ಷಿಸಿ ತೋರಿಸಬೇಕಾಯಿತು. ಹ್ಯಾನೋವರ್‌ನದು ಮೇಳದ ನಂತರ ಕಳಚಿತು; ಪರೀಕ್ಷೆಗೆಂದು ಕಟ್ಟಿದ್ದು ಉಳಿಯಿತು.

ನಮ್ಮಲ್ಲಿ ಕಾಗದದ ಮೇಲೆ ಕೊರತೆಯೇನಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಬಿದಿರಿಗೆ ಪ್ರತ್ಯೇಕ ಭಾಗವಿದೆ. ಬೆಂಗಳೂರಿನ ಭಾರತೀಯ ಪ್ಲೈವುಡ್ ಸಂಶೋಧನಾ ಸಂಸ್ಥೆ ಬಿದಿರಿನ ಮನೆಯ ವಿಧಾನವನ್ನೂ, ಬಿದಿರು ಚಾಪೆಯಿಂದ ಮಾಡಿದ ಸುಕ್ಕು ತಗಡಿನಂಥ ಛಾವಣಿಯನ್ನೂ ಬಹು ಹಿಂದೆಯೇ ಸಿದ್ಧಪಡಿಸಿತ್ತು. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿದ ಬಿದಿರಿಗೆ ಹುಳು ಸುಲಭವಾಗಿ ಹತ್ತದು. ಇಷ್ಟಿದ್ದೂ ಮೇದರ ಕೈಚಳಕ ಮತ್ತು ಎಂಜಿನಿಯರರ ಲೆಕ್ಕಾಚಾರ ಒಂದೇ ಕೆಲಸದಲ್ಲಿ ಕೂಡಿದ್ದು ಅಪರೂಪ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ಬಿದಿರು ಕಣ್ಸೆಳೆಯುತ್ತದೆ, ನಿಜ. ಆದರೆ ಅಲ್ಲಿ ಭಾರ ಹೊರುವುದು ಉಕ್ಕು. ಬಿದಿರು ಅಲಂಕಾರ ಮಾತ್ರ.

ಇತ್ತ ಮೇದರ ಪಾಲಿಗೆ ಪ್ಲಾಸ್ಟಿಕ್ ಬುಟ್ಟಿ, ಪ್ಲಾಸ್ಟಿಕ್ ಚಂದ್ರಿಕೆಗಳ ಪೈಪೋಟಿ. ಅವರಿಗೆ ಬೇಕಾಗಿರುವುದು ಕರಕುಶಲ ಮೇಳದ ಮಳಿಗೆಯಲ್ಲ, ಕಟ್ಟಡದ ಕೆಲಸ.

ಒಸಾಕಾ ಮೇಳ 2025ರ ಅಕ್ಟೋಬರ್ 13ಕ್ಕೆ ಮುಗಿದಿದೆ. ಮುಂದಿನ ದೊಡ್ಡ ಮೇಳ ಸೌದಿ ಅರೇಬಿಯಾದ ರಿಯಾದ್‌ನಲ್ಲಿ, 2030ರ ಅಕ್ಟೋಬರ್‌ನಿಂದ. ಅಲ್ಲಿಗೆ ಭಾರತ ಬಿದಿರನ್ನೇ ಒಯ್ಯುವುದಾದರೆ ಮನಿಸಾಲೆಸ್‌ನ ದಾರಿ ಹಿಡಿಯಬಹುದು. ಪರೀಕ್ಷೆಯ ಮಾದರಿಯನ್ನು ಕೃಷ್ಣರಾಜಪೇಟೆಯಂತಹ ತಾಲ್ಲೂಕು ಕೇಂದ್ರದ ಸಂತೆಮಾಳದಲ್ಲಿ ಸ್ಥಳೀಯ ಮೇದರಿಂದಲೇ ಕಟ್ಟಿಸಿದರೆ, ರಿಯಾದ್‌ನ ಮಂಟಪ ಕಳಚಿದ ಮೇಲೂ ಇಲ್ಲಿ ಸಂತೆಗೆ ನೆರಳು ಉಳಿಯುತ್ತದೆ.